ಎಲ್ಲರೂ ನುಡಿಸುವ ತಾಳ

ನುಡಿಸುವವರು ಕೆಲವರು, ಕೇಳುವವರು ಹಲವರು ಎಂಬುದು ಸಂಗೀತ ಸಭೆಯ ಸಾಮಾನ್ಯ ಕ್ರಮ. ವೇದಿಕೆಯ ಮೇಲೆ ವಿದ್ವಾಂಸರು ಆಸೀನರಾಗಿರುತ್ತಾರೆ. ಕೆಳಗೆ ಶ್ರೋತೃಗಳು ಮೌನವಾಗಿ ಕುಳಿತಿರುತ್ತಾರೆ. ಆದರೆ ತಾಳವಾದ್ಯದ ಮುಂದೆ ಈ ಕ್ರಮ ಪೂರ್ಣವಾಗಿ ನಿಲ್ಲುವುದು ಕಷ್ಟ. ಮೃದಂಗದ ತನಿ ಆವರ್ತನ ಆರಂಭವಾದೊಡನೆ ಸಭೆಯಲ್ಲಿ ನೂರಾರು ಕೈಗಳು ತೊಡೆಯ ಮೇಲೆ ಏಳುತ್ತವೆ, ಬೀಳುತ್ತವೆ. ಜಾತ್ರೆಯಲ್ಲಿ ಡೊಳ್ಳಿನ ದನಿ ಎದ್ದರೆ ಅಪ್ಪನ ಹೆಗಲ ಮೇಲೆ ಕುಳಿತ ಮಗು ತನಗರಿವಿಲ್ಲದೆ ಕಾಲು ಆಡಿಸುತ್ತದೆ. ಕೇಳುವ ಕಿವಿಗೂ ಬಡಿಯುವ ಕೈಗೂ ನಡುವೆ ಇರುವ ಗೋಡೆ ಲಯದ ಮಟ್ಟಿಗೆ ಬಹಳ ತೆಳುವಾದುದು. ಆ ಗೋಡೆಯನ್ನು ಬೇಕೆಂದೇ ತೆಗೆದುಹಾಕಿ, ನೆರೆದ ಸಭಿಕರನ್ನೆಲ್ಲ ವಾದ್ಯಗಾರರನ್ನಾಗಿ ಮಾಡಿಕೊಳ್ಳುವ ಹೊಸ ಬಗೆಯ ತಾಳವಾದ್ಯ ಕೂಟವೊಂದು ಈಚಿನ ದಶಕಗಳಲ್ಲಿ ಲೋಕದ ನಾನಾ ಕಡೆ ಪ್ರಚಾರಕ್ಕೆ ಬಂದಿದೆ. ಹಿರೇಗುಂಟನೂರು ಹೋಬಳಿಯ ಒಬ್ಬ ನಿವೃತ್ತ ಗಣಿತದ ಮೇಷ್ಟರಿಗೆ ಅದರ ಪರಿಚಯವಾದ ಬಗೆಯೂ, ಆ ಪರಿಚಯದಿಂದ ಅವರ ಮನಸ್ಸಿನಲ್ಲಿ ಮೇಲೆದ್ದ ಹಳೆಯ ಋಣವೊಂದರ ನೆನಪೂ ಈ ಬರಹದ ವಸ್ತು.

ಮೇಷ್ಟರು ಹುಟ್ಟಿದ್ದು 1950ರಲ್ಲಿ, ಚಿತ್ರದುರ್ಗ ತಾಲ್ಲೂಕಿನ ಆ ಹೋಬಳಿಯ ಒಂದು ಸಣ್ಣ ಹಳ್ಳಿಯಲ್ಲಿ. ರಾಗಿ, ಜೋಳ, ಈರುಳ್ಳಿ ಬೆಳೆಯುವ ಹೊಲಗಳು, ನೀರಿದ್ದ ಕಡೆ ಅಡಿಕೆಯ ತೋಟಗಳು. ಸಂತೆಗೂ ಕಾಗದಪತ್ರಗಳ ಕೆಲಸಕ್ಕೂ ಹಿರೇಗುಂಟನೂರು, ಅಡಿಕೆಯ ವ್ಯಾಪಾರಕ್ಕೆ ಭೀಮಸಮುದ್ರ, ದೊಡ್ಡ ಕೆಲಸಗಳಿಗೆ ದುರ್ಗ. ಇಷ್ಟರಲ್ಲೇ ಅವರ ಬಾಲ್ಯದ ಭೂಗೋಳ ಮುಗಿಯುತ್ತಿತ್ತು. 1974ರಿಂದ 2010ರವರೆಗೆ 36 ವರ್ಷ ಅವರು ಲೆಕ್ಕ ಕಲಿಸಿದರು. ‘ಲೆಕ್ಕ ತಪ್ಪಬಹುದು, ತಪ್ಪನ್ನು ಮುಚ್ಚಿಡಬಾರದು’ ಎಂದು ಅವರು ಹೇಳುತ್ತಿದ್ದುದನ್ನು ಹಳೆಯ ವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ. ಆ ಮಾತನ್ನು ಹೇಳಿದಾಗಲೆಲ್ಲ ಅವರಿಗೆ ತಮ್ಮೊಳಗೊಂದು ಮುಳ್ಳು ಚುಚ್ಚುತ್ತಿತ್ತೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

2024ರ ಬೇಸಿಗೆಯಲ್ಲಿ ಮೇಷ್ಟರು ಬೆಂಗಳೂರಿನ ಮಗನ ಮನೆಗೆ ಹೋಗಿದ್ದರು. ಮಗ ಕೆಲಸ ಮಾಡುವ ಕಂಪನಿಯವರು ನೌಕರರ ಕುಟುಂಬಗಳಿಗಾಗಿ ಒಂದು ಸಂಜೆಯ ಕೂಟವನ್ನು ಏರ್ಪಡಿಸಿದ್ದರು. ಅಲ್ಲಿ ವೇದಿಕೆಯಿರಲಿಲ್ಲ. ಹುಲ್ಲುಹಾಸಿನ ಮೇಲೆ ಸುಮಾರು ಇನ್ನೂರು ಕುರ್ಚಿಗಳನ್ನು ಒಂದರ ಹಿಂದೊಂದು ಸುತ್ತುಗಳಾಗಿ ಇಟ್ಟಿದ್ದರು. ಪ್ರತಿಯೊಂದು ಕುರ್ಚಿಯ ಮುಂದೆಯೂ ಒಂದೊಂದು ವಾದ್ಯ. ನಡುವೆ ನಿಂತಿದ್ದ ನಿರ್ವಾಹಕನು ಭಾಷಣ ಮಾಡಲಿಲ್ಲ. ತನ್ನ ವಾದ್ಯದ ಮೇಲೆ ನಾಲ್ಕು ಪೆಟ್ಟು ಹಾಕಿ ಕೈಯೆತ್ತಿ ತೋರಿಸಿದ. ಇನ್ನೂರು ಜನ ನಾಲ್ಕು ಪೆಟ್ಟು ಹಾಕಿದರು. ಮೊದಲ ಹತ್ತು ನಿಮಿಷ ಅದು ಬರಿಯ ಗದ್ದಲವಾಗಿತ್ತು. ಆಮೇಲೆ ಯಾವ ಗಳಿಗೆಯಲ್ಲೆಂದು ಹೇಳಲಾಗದಂತೆ ಗದ್ದಲ ತಾಳವಾಯಿತು. ನಿರ್ವಾಹಕನು ಒಂದು ಪಾಲು ಜನಕ್ಕೆ ಮೆಲ್ಲಗೆ ಎಂದು ಸನ್ನೆ ಮಾಡಿದ, ಇನ್ನೊಂದು ಪಾಲಿಗೆ ನಿಲ್ಲಿಸಲು ಸೂಚಿಸಿದ, ಮತ್ತೊಂದು ಪಾಲಿಗೆ ಬೇರೆ ಗತಿ ಕೊಟ್ಟ. ಯಾರಿಗೂ ಯಾವ ವಿದ್ಯೆಯೂ ಗೊತ್ತಿರಲಿಲ್ಲ. ಆದರೂ ಕೇಳಲು ಹಿತವಾದುದೊಂದು ಅಲ್ಲಿ ಹುಟ್ಟಿತು. ಮೇಷ್ಟರ ಪಕ್ಕದಲ್ಲಿ ಕಂಪನಿಯ ದೊಡ್ಡ ಅಧಿಕಾರಿಯೂ, ಅವರ ಆಚೆ ಕಾವಲುಗಾರನೊಬ್ಬನೂ ಕುಳಿತು ಬಡಿಯುತ್ತಿದ್ದರು. ಮೇಷ್ಟರೂ ಬಡಿದರು. 74ರ ವಯಸ್ಸಿನಲ್ಲಿ ಅಂಗೈ ಕೆಂಪಾಗುವಷ್ಟು ಬಡಿದರು. ಮನೆಗೆ ಮರಳುವಾಗ ಕಾರಿನಲ್ಲಿ ಮಗ ಎರಡು ಸಲ ಮಾತನಾಡಿಸಿದರೂ ಅವರು ಮಾತನಾಡಲಿಲ್ಲ.

ಈ ಬಗೆಯ ಕೂಟಕ್ಕೆ ಡ್ರಮ್ ಸರ್ಕಲ್ ಎಂದು ಹೆಸರು. ಕನ್ನಡದಲ್ಲಿ ತಾಳವೃತ್ತ ಎಂದರೆ ಸಲ್ಲುತ್ತದೆ. ಇದರ ಬೇರು ಆಫ್ರಿಕದಲ್ಲಿದೆ, ಕೊಂಬೆ ಅಮೆರಿಕದಲ್ಲಿ ಹರಡಿದೆ. ನೈಜೀರಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಬಾಬಾತುಂಡೆ ಒಲಾತುಂಜಿ ಅವರ ವಾದ್ಯಸಂಗೀತದ ಧ್ವನಿಮುದ್ರಿಕೆ 1960ರಲ್ಲಿ ಹೊರಬಂದು ಅಲ್ಲಿನ ತರುಣರನ್ನು ಆಫ್ರಿಕದ ತಾಳದ ಕಡೆಗೆ ಸೆಳೆಯಿತು. ಮಾಲಿ, ಗಿನಿ ದೇಶಗಳ ಕಡೆಯ ಜೆಂಬೆ ಎಂಬ ವಾದ್ಯ ಇಂಥ ಕೂಟಗಳ ಮುಖ್ಯ ವಾದ್ಯವಾಯಿತು. ಒಂದೇ ಮರದ ತುಂಡನ್ನು ಬಟ್ಟಲಿನಾಕಾರಕ್ಕೆ ಕೊರೆದು ಮೇಲೆ ಮೇಕೆಯ ಚರ್ಮ ಬಿಗಿದ ಈ ವಾದ್ಯಕ್ಕೆ ಕೋಲು ಬೇಡ, ಬರಿಗೈ ಸಾಕು. ಕ್ಯಾಲಿಫೋರ್ನಿಯದ ಆರ್ಥರ್ ಹಲ್ ಎಂಬವರು ಜನರ ಗುಂಪನ್ನು ನಡೆಸುವ ಕ್ರಮವನ್ನು ಒಂದು ಕಲಿಸಬಹುದಾದ ವಿದ್ಯೆಯಾಗಿ ರೂಪಿಸಿ, 1998ರಲ್ಲಿ ಅದರ ಕುರಿತು ಪುಸ್ತಕವನ್ನೂ ಪ್ರಕಟಿಸಿದರು. 1991ರಲ್ಲಿ ಮಿಕಿ ಹಾರ್ಟ್ ಎಂಬ ಪ್ರಸಿದ್ಧ ವಾದಕರು ಅಮೆರಿಕದ ಸೆನೆಟ್ಟಿನ ವೃದ್ಧಾಪ್ಯ ಸಮಿತಿಯ ಮುಂದೆ ಹಾಜರಾಗಿ, ಒಟ್ಟಾಗಿ ಕುಳಿತು ತಾಳ ಹಾಕುವುದು ವೃದ್ಧರಿಗೆ ಒಳಿತನ್ನುಂಟುಮಾಡುತ್ತದೆ ಎಂದು ವಾದಿಸಿದ್ದೂ ಉಂಟು. ಬೆಂಗಳೂರಿನಲ್ಲಿ ಗಾಯಕಿ ವಸುಂಧರಾ ದಾಸ್ ಹಾಗೂ ವಾದಕ ರಾಬರ್ಟೋ ನರೇನ್ ಅವರು ‘ಡ್ರಮ್ ಜಾಮ್’ ಎಂಬ ಹೆಸರಿನಲ್ಲಿ ಈ ಪದ್ಧತಿಯನ್ನು ಸಾರ್ವಜನಿಕರ ಬಳಿಗೆ ತಂದಿದ್ದಾರೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿಯೂ ಕಳೆದ ಶತಮಾನದಲ್ಲಿ ತಾಳವಾದ್ಯ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದಿತು. ಎಡ್ಗರ್ ವರೇಸ್ ಎಂಬ ರಚನಕಾರರು 13 ಮಂದಿ ತಾಳವಾದ್ಯಗಾರರಿಗೆಂದೇ ರಚಿಸಿದ ಕೃತಿಯೊಂದು 1933ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಯೋಗವಾಯಿತು. ಆಫ್ರಿಕದ ಘಾನಾ ದೇಶಕ್ಕೆ ಹೋಗಿ ತಾಳ ಕಲಿತು ಬಂದ ಸ್ಟೀವ್ ರೈಕ್ 1972ರಲ್ಲಿ ವಾದ್ಯವೇ ಇಲ್ಲದ ಒಂದು ಕೃತಿಯನ್ನು ರಚಿಸಿದರು. ಅದರಲ್ಲಿ ಇಬ್ಬರು ಚಪ್ಪಾಳೆ ತಟ್ಟುತ್ತಾರೆ, ಅಷ್ಟೆ. ಹನ್ನೆರಡು ಮಾತ್ರೆಗಳ ಒಂದೇ ವರಸೆಯನ್ನು ಒಬ್ಬನು ಹಾಗೆಯೇ ತಟ್ಟುತ್ತಿದ್ದರೆ, ಇನ್ನೊಬ್ಬನು ಕೆಲವು ಆವರ್ತಗಳಿಗೊಮ್ಮೆ ಒಂದು ಮಾತ್ರೆ ಮುಂದೆ ಸರಿಯುತ್ತಾನೆ. ಹನ್ನೆರಡು ಸಲ ಸರಿದ ಮೇಲೆ ಇಬ್ಬರೂ ಮತ್ತೆ ಒಂದಾಗುತ್ತಾರೆ. ಮಗ ಮೊಬೈಲಿನಲ್ಲಿ ಇದನ್ನು ಕೇಳಿಸಿದಾಗ ಗಣಿತದ ಮೇಷ್ಟರಿಗೆ ಆದ ಆನಂದ ಅಷ್ಟಿಷ್ಟಲ್ಲ. ಮೂವತ್ತಾರು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಲಘುತಮ ಸಾಮಾನ್ಯ ಅಪವರ್ತ್ಯ ಅಂದು ಅವರ ಕಿವಿಗೆ ಬಿದ್ದಿತ್ತು.

ಹಾಗೆಂದು ಸಭಿಕರನ್ನು ಒಳಗೊಳ್ಳುವ ತಾಳ ನಮಗೆ ಹೊರಗಿನಿಂದ ಬಂದುದೆಂದು ತಿಳಿಯಬೇಕಾಗಿಲ್ಲ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಆದಿತಾಳದ ಎಂಟು ಅಕ್ಷರಗಳನ್ನು ಸಭೆಯೇ ಕೈಯಲ್ಲಿ ಎಣಿಸುತ್ತದೆ; ಮೃದಂಗದವನು ಎಲ್ಲೆಲ್ಲಿಯೋ ಸುತ್ತಾಡಿ ಸರಿಯಾದ ಎಡೆಗೆ ಬಂದು ಸೇರಿದಾಗ ತಲೆದೂಗುವ ಸಭಿಕನೂ ಆ ಲೆಕ್ಕದ ಪಾಲುದಾರನೇ. ತಕಿಟ ಎಂದರೆ ಮೂರು, ತಕಧಿಮಿ ಎಂದರೆ ನಾಲ್ಕು, ಇವೆರಡೂ ಕೂಡಿದರೆ ಏಳು ಎಂಬ ಈ ಬಾಯಿಲೆಕ್ಕವನ್ನು ಮಗುವೂ ಕಲಿಯಬಲ್ಲದು. ಬೆಂಗಳೂರಿನಲ್ಲಿ 1964ರಲ್ಲಿ ವಿದ್ವಾನ್ ಟಿ. ಎ. ಎಸ್. ಮಣಿ ಅವರು ತಾಳವಾದ್ಯಗಳಿಗೆಂದೇ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ವಿದ್ಯಾಲಯವನ್ನು ಸ್ಥಾಪಿಸಿದರು. ಪಕ್ಕವಾದ್ಯವೆನಿಸಿದ್ದ ಮೃದಂಗ, ಘಟ, ಖಂಜಿರ, ಮೋರ್ಚಿಂಗುಗಳು ತಾಳವಾದ್ಯ ಕಛೇರಿಗಳಲ್ಲಿ ಸಭೆಯ ಮಧ್ಯಕ್ಕೆ ಬಂದವು. ಹಳ್ಳಿಯ ಭಜನೆಯಲ್ಲಂತೂ ಕೇಳುವವನೆಂಬ ಬೇರೆ ಮನುಷ್ಯನೇ ಇಲ್ಲ. ತಾಳವಿದ್ದವನು ತಾಳ, ದಮ್ಮಡಿಯಿದ್ದವನು ದಮ್ಮಡಿ, ಏನೂ ಇಲ್ಲದವನು ಚಪ್ಪಾಳೆ. ನಂದಿಕೋಲಿನ ಮುಂದೆ ಸಮಾಳ ನುಡಿಯುವಾಗಲೂ, ವೀರಗಾಸೆಯವರು ಒಡಪು ಹೇಳುವಾಗಲೂ ನೆರೆದವರು ದನಿಗೂಡಿಸುತ್ತಾರೆ. ತಾಳಮಾನಗಳ ಲೆಕ್ಕವನ್ನು ತಾನರಿಯೆನೆಂದು ಬಸವಣ್ಣನವರೇ ಒಂದು ವಚನದಲ್ಲಿ ಹೇಳಿಕೊಂಡಿರುವುದನ್ನು ನೆನೆದರೆ, ವಿದ್ಯೆಯಿಲ್ಲದವನಿಗೂ ಆ ಕೂಟದಲ್ಲಿ ಎಡೆಯುಂಟು ಎಂಬ ನಂಬಿಕೆ ಈ ನೆಲದಲ್ಲಿ ಎಷ್ಟು ಹಳೆಯದೆಂಬುದು ಗೊತ್ತಾಗುತ್ತದೆ.

ಇಷ್ಟಾದರೂ ಮೇಷ್ಟರು ಆ ರಾತ್ರಿ ಕಾರಿನಲ್ಲಿ ಮೌನವಾಗಿ ಕುಳಿತಿದ್ದುದಕ್ಕೆ ಬೇರೆ ಕಾರಣವಿತ್ತು. ಎಲ್ಲ ತಾಳಕ್ಕೂ ಎಲ್ಲರೂ ಸೇರುತ್ತಿದ್ದರೆಂಬುದು ಸುಳ್ಳೆಂದು ಅವರಿಗೆ ಗೊತ್ತಿತ್ತು.

1960ನೆಯ ಇಸವಿ. ಊರಹಬ್ಬದ ಸಂಜೆ. ದೇವಿಯ ಗುಡಿಯಿಂದ ತುಸು ದೂರದಲ್ಲಿ, ಬೇವಿನ ಮರದ ಕೆಳಗೆ, ಕೇರಿಯ ವಾದ್ಯದವರು ಹುಲ್ಲಿನ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ತೇವಕ್ಕೆ ಸಡಿಲವಾದ ಚರ್ಮ ಬಿಸಿಗೆ ಬಿಗಿಯುತ್ತದೆ; ಬಿಗಿದಷ್ಟೂ ದನಿ ಏರುತ್ತದೆ. ಉರುಮೆಯವನು ಬಾಗಿದ ಕಡ್ಡಿಯನ್ನು ಚರ್ಮದ ಮೇಲೆ ತೀಡಿ ಹೊರಡಿಸುವ ಆ ಗುರುಗುಟ್ಟುವ ದನಿಗೆ ಹತ್ತು ವರ್ಷದ ಹುಡುಗನ ಮೈ ಜುಮ್ಮೆಂದಿತು. ಅವನಿಗಿಂತ ಎರಡು ವರ್ಷ ದೊಡ್ಡವನಾದ ವಾದ್ಯದವರ ಹುಡುಗನೊಬ್ಬ ತಮಟೆ ಹಿಡಿದು ನಿಂತಿದ್ದ. ‘ಒಂದೇ ಒಂದು ಸಲ ಕೊಡೋ’ ಎಂದು ಇವನು ಬೇಡಿದ. ಅವನು ಬೇಡವೆಂದು ತಲೆಯಾಡಿಸಿದ. ಇವನು ಮತ್ತೆ ಬೇಡಿದ. ಅವನು ಸುತ್ತ ನೋಡಿ ಕೊಟ್ಟ. ಇವನು ನಾಲ್ಕು ಪೆಟ್ಟು ಹೊಡೆದ; ಐದನೆಯ ಪೆಟ್ಟಿಗೆ ಅಪ್ಪ ಕಂಡರು.

ಹುಡುಗನಿಗೆ ಸಿಕ್ಕಿದ್ದು ಒಂದು ಏಟು, ಮನೆಯೊಳಕ್ಕೆ ಹೋಗುವ ಮೊದಲು ಹಿತ್ತಲಲ್ಲಿ ಒಂದು ಸ್ನಾನ. ಅಷ್ಟಕ್ಕೇ ಅವನದು ಮುಗಿಯಿತು. ವಾದ್ಯದ ಹುಡುಗನನ್ನೂ ಅವನ ಅಪ್ಪನನ್ನೂ ಮರುದಿನ ಬೆಳಿಗ್ಗೆ ಚಾವಡಿಯ ಮುಂದೆ ನಿಲ್ಲಿಸಿದರು. ಮೇಲುಜಾತಿಯ ಮಗುವಿನ ಕೈಗೆ ತಮಟೆ ಕೊಟ್ಟದ್ದು ತಪ್ಪು ಎಂದು ತೀರ್ಮಾನವಾಯಿತು. ತಪ್ಪುಕಾಣಿಕೆ ಕಟ್ಟಿಸಿಕೊಂಡರು, ಆ ಸುಗ್ಗಿಯಲ್ಲಿ ಕಣದಲ್ಲಿ ಕೊಡುವ ಆಯದ ರಾಗಿಯನ್ನೂ ಕಡಿಮೆ ಮಾಡಿದರು. ಅಸ್ಪೃಶ್ಯತೆಯನ್ನು ಅಳಿಸಿದ ಸಂವಿಧಾನ ಜಾರಿಗೆ ಬಂದು ಆಗ ಹತ್ತು ವರ್ಷ ಕಳೆದಿತ್ತು. 1955ರಲ್ಲಿ ಅದಕ್ಕೆಂದೇ ಕಾಯಿದೆಯೂ ಆಗಿತ್ತು. ಆ ಚಾವಡಿಯವರೆಗೆ ಅದು ಬಂದಿರಲಿಲ್ಲ. ಹತ್ತು ವರ್ಷದ ಹುಡುಗ ಚಾವಡಿಯ ಕಂಬದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ‘ಅವನು ಕೊಡಲಿಲ್ಲ, ನಾನೇ ಕೇಳಿ ತೆಗೆದುಕೊಂಡೆ’ ಎಂಬ ಮಾತು ಗಂಟಲಿನಲ್ಲಿತ್ತು. ಅದು ಹೊರಗೆ ಬರಲಿಲ್ಲ.

ಆಮೇಲೆ ಅರವತ್ತು ವರ್ಷಗಳಿಗೂ ಮಿಕ್ಕಿ ಕಾಲ ಸರಿಯಿತು. ಊರಿಗೆ ವಿದ್ಯುತ್ತು ಬಂದಿತು, ಬಸ್ಸು ಬಂದಿತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ನಾಡಿನಲ್ಲಿ ಹುಟ್ಟಿದ ಮೇಲೆ, ಸಾವಿನ ಮನೆಯ ಮುಂದೆಯೂ ಊರಹಬ್ಬದಲ್ಲಿಯೂ ಕಡ್ಡಾಯವಾಗಿ ಬಡಿಯಬೇಕಾಗಿದ್ದ ತಮಟೆ ಮೆರವಣಿಗೆಗಳಲ್ಲಿ ತನ್ನ ಜನಕ್ಕಾಗಿಯೇ ಮೊಳಗಿತು. ಎಷ್ಟೋ ಊರುಗಳಲ್ಲಿ ಕೇರಿಯವರು ಇನ್ನು ಬಡಿಯುವುದಿಲ್ಲವೆಂದು ವಾದ್ಯವನ್ನು ಕೆಳಗಿಟ್ಟರು. 1990ರ ದಶಕದ ಸಾಕ್ಷರತಾ ಕಲಾಜಾಥಾಗಳಲ್ಲಿ ಅದೇ ತಮಟೆ ಅಕ್ಷರ ಕಲಿಯಿರೆಂದು ಜನರನ್ನು ಕರೆಯಿತು. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಈ ಎಲ್ಲ ಕಾಲದಲ್ಲಿಯೂ ಮೇಷ್ಟರು ಅದೇ ಊರಿನ ದಾರಿಯಲ್ಲಿ ಆ ವಾದ್ಯದ ಹುಡುಗನನ್ನು, ಆಮೇಲೆ ಆ ಯುವಕನನ್ನು, ಆಮೇಲೆ ಆ ಮುದುಕನನ್ನು ಸಾವಿರಾರು ಸಲ ಎದುರುಗೊಂಡಿದ್ದರು. ಆತನ ಮಗನಿಗೆ ಲೆಕ್ಕ ಕಲಿಸಿದ್ದರು. ಮಳೆಬೆಳೆಯ ಮಾತಾಡಿದ್ದರು. ಆ ಒಂದು ಮಾತನ್ನು ಮಾತ್ರ ಆಡಿರಲಿಲ್ಲ.

ಬೆಂಗಳೂರಿನಿಂದ ಮರಳಿದ ಮೇಷ್ಟರು ಶಾಲೆಯ ವಾರ್ಷಿಕೋತ್ಸವದ ಸಿದ್ಧತಾ ಸಭೆಯಲ್ಲಿ ತಾಳವೃತ್ತದ ಸಂಗತಿಯನ್ನು ಪ್ರಸ್ತಾಪಿಸಿದರು. ಸಭಿಕರೆಲ್ಲ ನುಡಿಸುವ ಒಂದು ಗಂಟೆಯ ಕಾರ್ಯಕ್ರಮ ಇರಲಿ ಎಂದರು. ಊರೂರಿಗೆ ನಾಟಕ ಒಯ್ಯುವ ಸಾಣೇಹಳ್ಳಿಯ ಶಿವಸಂಚಾರವನ್ನೂ ಸಿರಿಗೆರೆಯ ತರಳಬಾಳು ನುಡಿಹಬ್ಬವನ್ನೂ ಕಂಡಿರುವ ಈ ಸೀಮೆಯ ಜನಕ್ಕೆ ಹೊಸ ಪ್ರಯೋಗಗಳೆಂದರೆ ಅಂಜಿಕೆಯಿಲ್ಲ. ಮುಖ್ಯೋಪಾಧ್ಯಾಯರು ಒಪ್ಪಿದರು. ಮುಂದಾಳಾಗಿ ತಮಟೆ ನುಡಿಸಲು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗನೊಬ್ಬನ ಹೆಸರನ್ನು ಯಾರೋ ಸೂಚಿಸಿದರು. ಅವನು ಆ ಮುದುಕರ ಮೊಮ್ಮಗ. ‘ಅವರ ಮನೆಯಲ್ಲಿ ತಮಟೆ ಇದೆ, ಅವನಿಗೆ ರಕ್ತದಲ್ಲೇ ಬಂದಿರುತ್ತದೆ’ ಎಂದು ಆ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹುಡುಗನಿಗೆ ಹೇಳಿಕಳುಹಿಸಿದರು. ಮರುದಿನದಿಂದ ಅವನು ಶಾಲೆಗೆ ಬರುವುದನ್ನೇ ನಿಲ್ಲಿಸಿದ.

ಮೂರನೆಯ ದಿನ ಮೇಷ್ಟರು ಅವರ ಮನೆಗೆ ಹೋದರು. ಹುಡುಗ ಬಾಗಿಲಲ್ಲೇ ನಿಂತು, ‘ಸಾರ್, ನಾನು ಗಣಿತದ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಅದಕ್ಕೆ ಯಾರೂ ನನ್ನನ್ನು ಕರೆಯಲಿಲ್ಲ. ತಮಟೆಗೆ ಮಾತ್ರ ಕರೆದರು’ ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಕಣ್ಣು ಮಾತ್ರ ನೆಲ ನೋಡುತ್ತಿತ್ತು. ಮೇಷ್ಟರಿಗೆ ಉತ್ತರ ತೋಚಲಿಲ್ಲ. ಒಳಗಿನಿಂದ ಮುದುಕರು ಬಂದು ಕಟ್ಟೆಯ ಮೇಲೆ ಕುಳಿತರು.

‘ಅವನು ಹೊಡೆಯಲ್ಲ ಅಂದ್ರೆ ಬಿಡಿ ಮೇಷ್ಟ್ರೆ. ನಾನು ಹೊಡೆಯಲ್ಲ ಅನ್ನೋ ಹಾಗೇ ಇರಲಿಲ್ಲ. ನಮ್ಮಪ್ಪನೂ ಅನ್ನೋ ಹಾಗಿರಲಿಲ್ಲ. ಇವನು ಅಂದ. ನನಗೆ ಅದೇ ಸಾಕು’ ಎಂದರು.

ಬೆಂಗಳೂರಿನ ಹುಲ್ಲುಹಾಸಿನ ಮೇಲೆ ಕುಳಿತಾಗಿನಿಂದ ಮೇಷ್ಟರು ಹುಡುಕುತ್ತಿದ್ದುದು ಆ ಮಾತಿನಲ್ಲಿ ಸಿಕ್ಕಿತು. ಅಲ್ಲಿ ಇನ್ನೂರು ಜನ ಬಡಿದದ್ದೂ, ಇಲ್ಲಿ ತಲೆತಲಾಂತರದಿಂದ ಒಂದು ಕೇರಿಯವರು ಬಡಿದದ್ದೂ ಒಂದೇ ಚರ್ಮ, ಒಂದೇ ಲಯ. ಅಲ್ಲಿ ಬೇಡವೆನಿಸಿದವನು ವಾದ್ಯವನ್ನು ಕೆಳಗಿಟ್ಟು ಎದ್ದುಹೋಗಬಹುದಿತ್ತು, ಇಲ್ಲಿ ಆಗುತ್ತಿರಲಿಲ್ಲ. ಅಲ್ಲಿ ಬಡಿದವನ ಕೈಯನ್ನು ಪಕ್ಕದವನು ಕುಲುಕುತ್ತಿದ್ದ. ಇಲ್ಲಿ ಆ ಕೈ ಮುಟ್ಟಬಾರದ ಕೈಯಾಗಿತ್ತು. ಒಲ್ಲೆನೆನ್ನುವ ಹಕ್ಕಿಲ್ಲದ ಕಡೆ ಕೂಡಿ ನುಡಿಸುವುದೆಂಬುದು ಬರಿಯ ಮಾತು.

ಮೇಷ್ಟರು ಕಟ್ಟೆಯ ಮೇಲೆ, ಅವರ ಪಕ್ಕದಲ್ಲಿ ಕುಳಿತರು. ‘ಅಣ್ಣ, ಅರುವತ್ತನೇ ಇಸವಿಯ ಹಬ್ಬದ ದಿನ ತಮಟೆ ಕೇಳಿದ್ದು ನಾನು. ನೀವು ಕೊಡಲ್ಲ ಅಂದಿರಿ. ನಾನೇ ಬೇಡಿ ಇಸಕೊಂಡೆ. ಅದನ್ನ ಮಾರನೆ ದಿನ ಚಾವಡಿಯಲ್ಲಿ ಹೇಳಬೇಕಾಗಿತ್ತು, ಹೇಳಲಿಲ್ಲ’ ಎಂದರು. ಹುಟ್ಟಿದಂದಿನಿಂದ ಆ ಊರಿನ ವಾಡಿಕೆಯಂತೆ ಏಕವಚನದಲ್ಲಿ ಕರೆಯುತ್ತಿದ್ದವರ ಬಾಯಲ್ಲಿ ಅಣ್ಣ ಎಂಬ ಮಾತು ಅಂದು ಮೊದಲ ಸಲ ಬಂದಿತ್ತು.

ಮುದುಕರು ಬಹಳ ಹೊತ್ತು ಅಂಗಳದ ಕೋಳಿಗಳನ್ನು ನೋಡುತ್ತಿದ್ದರು. ‘ನೀವು ಕಂಬದ ಹಿಂದೆ ನಿಂತಿದ್ದಿರಿ. ನಾನು ಕಂಡಿದ್ದೆ’ ಎಂದರು. ಸ್ವಲ್ಪ ತಡೆದು, ‘ಆ ವರ್ಷ ರಾಗಿ ಕಡಿಮೆಯಾಗಿ ನಮ್ಮವ್ವ ಬಹಳ ಕಷ್ಟಪಟ್ಟಳು’ ಎಂದು ಸೇರಿಸಿದರು. ಕ್ಷಮಿಸಿದೆನೆಂದು ಅವರು ಹೇಳಲಿಲ್ಲ. ಮೇಷ್ಟರೂ ಅದನ್ನು ಕೇಳಲಿಲ್ಲ. ಹುಡುಗ ಒಳಗಿನಿಂದ ಎರಡು ಲೋಟ ಟೀ ತಂದಿಟ್ಟ, ಇಬ್ಬರೂ ಕುಡಿದರು.

ಏಳುವ ಮೊದಲು ಮೇಷ್ಟರು, ಮೊಮ್ಮಗ ಬೇಡ, ತಾವೇ ಶಾಲೆಗೆ ಬಂದು ಮಕ್ಕಳಿಗೂ ದೊಡ್ಡವರಿಗೂ ತಾಳ ಕಲಿಸಬೇಕೆಂದು ಕೇಳಿಕೊಂಡರು. ವಾದ್ಯದವರಾಗಿ ಅಲ್ಲ, ಗುರುಗಳಾಗಿ. ಮುದುಕರು ಯೋಚಿಸಿ ಒಂದು ಷರತ್ತು ಹಾಕಿದರು: ‘ಎಲ್ಲರೂ ಹೊಡೆಯೋದಾದ್ರೆ ಬರ್ತೀನಿ. ನಾನೊಬ್ಬ ಹೊಡೆದು ನೀವೆಲ್ಲ ಕೂತು ನೋಡೋದಾದ್ರೆ ಬೇಡ.’

ಈ ಷರತ್ತು ಸಮಿತಿಯ ಮುಂದೆ ಬಂದಾಗ ಒಂದಿಬ್ಬರು ಹಿಂಜರಿದರು. ಮಕ್ಕಳ ಮಾತು ಸರಿ, ಗಣ್ಯರಾದ ದಾನಿಗಳ ಕೈಗೆ ತಮಟೆ ಕೊಡುವುದು ಹೇಗೆ, ಯಾರಾದರೂ ಬೇಸರಪಟ್ಟರೆ ಏನು ಗತಿ ಎಂಬ ಶಂಕೆ ಅವರದು. ಆಗ ಕನ್ನಡದ ಉಪಾಧ್ಯಾಯಿನಿಯೊಬ್ಬರು, ಹನ್ನೆರಡನೆಯ ಶತಮಾನದ ಶರಣರಲ್ಲಿ ಡಕ್ಕೆ ಬಾರಿಸುವ ಕಾಯಕದ ಡಕ್ಕೆಯ ಬೊಮ್ಮಣ್ಣನವರಿದ್ದರು, ತೊಗಲಿನ ಕಾಯಕದ ಡೋಹರ ಕಕ್ಕಯ್ಯನವರಿದ್ದರು. ಅವರ ವಚನಗಳನ್ನು ತರಗತಿಯಲ್ಲಿ ಪಾಠ ಹೇಳುವವರು ವಾದ್ಯವನ್ನು ಮುಟ್ಟಲು ಅಂಜಿದರೆ ಮಕ್ಕಳಿಗೆ ಏನೆಂದು ಹೇಳುವುದು ಎಂದು ಕೇಳಿದರು. ಮಾತು ಅಲ್ಲಿಗೆ ನಿಂತಿತು. ಬಲವಂತ ಯಾರಿಗೂ ಇಲ್ಲ, ಬೇಡವಾದವರು ಸುಮ್ಮನೆ ಕುಳಿತಿರಬಹುದು; ಆದರೆ ನೋಡುಗರ ಪ್ರತ್ಯೇಕ ಸಾಲು ಇರುವುದಿಲ್ಲ ಎಂದು ನಿಶ್ಚಯವಾಯಿತು. ಹುಡುಗನ ಹೆಸರನ್ನು ಗಣಿತದ ಸ್ಪರ್ಧೆಯ ಪಟ್ಟಿಗೆ ಸೇರಿಸಿ, ಆಗಿದ್ದ ಅಚಾತುರ್ಯಕ್ಕಾಗಿ ಮುಖ್ಯೋಪಾಧ್ಯಾಯರೇ ಅವನೊಡನೆ ಮಾತನಾಡಿದರು.

ಉತ್ಸವದ ದಿನ ಆಟದ ಮೈದಾನದಲ್ಲಿ ಸುತ್ತುಸುತ್ತಾಗಿ ಬೆಂಚುಗಳನ್ನು ಹಾಕಿದ್ದರು. ಬೆಂಗಳೂರಿನಂತೆ ಇಲ್ಲಿ ಇನ್ನೂರು ವಾದ್ಯಗಳಿರಲಿಲ್ಲ; ಆರು ತಮಟೆ, ಎರಡು ಡೊಳ್ಳು, ಒಂದು ಉರುಮೆ, ಭಜನೆಯ ತಾಳಗಳು, ಅಷ್ಟೆ. ಉಳಿದವರಿಗೆ ಊಟದ ತಟ್ಟೆ, ಬಕೀಟು, ಬೋಗುಣಿ. ಚಿಕ್ಕ ಮಕ್ಕಳು ಮೈದಾನದಂಚಿನ ಗುಲ್‌ಮೊಹರ್ ಮರದ ಒಣಗಿದ ಕತ್ತಿಕಾಯಿಗಳನ್ನು ಆರಿಸಿ ತಂದಿದ್ದರು. ಅಲುಗಿಸಿದರೆ ಒಳಗಿನ ಬೀಜಗಳು ಗಲಗಲ ಎನ್ನುತ್ತಿದ್ದವು. ನಡುವೆ ಒಂದು ಕುರ್ಚಿ. ಅದರಲ್ಲಿ ಬಿಳಿಯ ಪಂಚೆ, ಒಗೆದ ಜುಬ್ಬ ತೊಟ್ಟ ಮುದುಕರು ಕುಳಿತಿದ್ದರು. ಸ್ವಾಗತ ಭಾಷಣದಲ್ಲಿ ಅವರ ಹೆಸರನ್ನು ಅಂದಿನ ಗುರುಗಳೆಂದು ಓದಲಾಯಿತು.

ಈಗಿನ ಕಾಲದಲ್ಲಿ ಬೆಂಕಿ ಕಾಣದ ತಮಟೆಗಳೂ ಬಂದಿವೆ. 1957ರಲ್ಲಿ ಅಮೆರಿಕದ ರೆಮೊ ಬೆಲ್ಲಿ ಎಂಬವರು ಚರ್ಮಕ್ಕೆ ಬದಲಾಗಿ ಪಾಲಿಯೆಸ್ಟರ್ ಹಾಳೆಯ ವಾದ್ಯಮುಖಗಳನ್ನು ತಯಾರಿಸತೊಡಗಿದ ಮೇಲೆ, ಮಳೆಗೂ ಚಳಿಗೂ ಸಡಿಲವಾಗದ ವಾದ್ಯಗಳು ಲೋಕದಲ್ಲೆಲ್ಲ ಹಬ್ಬಿವೆ. ಮುದುಕರು ಮಾತ್ರ ಚರ್ಮದ ತಮಟೆಯನ್ನೇ ತಂದಿದ್ದರು. ಮೈದಾನದ ಮೂಲೆಯಲ್ಲಿ ಹುಲ್ಲು ಹೊತ್ತಿಸಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಚರ್ಮ ಬಿಗಿಯುವುದನ್ನು ಬೆರಳಿನಿಂದ ತಟ್ಟಿ ತಟ್ಟಿ ಕೇಳಿಸಿದರು. ಆಮೇಲೆ ಎಡಗೈಯ ತೆಳುವಾದ ಕಡ್ಡಿ ಏನು ಮಾಡಬೇಕು, ಬಲಗೈಯ ದಪ್ಪ ಕೋಲು ಏನು ಮಾಡಬೇಕು ಎಂಬುದನ್ನು ತೋರಿಸಿದರು. ಒಂದು ಪಾಲು ಜನಕ್ಕೆ ಮೂರರ ನಡೆ, ಇನ್ನೊಂದು ಪಾಲಿಗೆ ನಾಲ್ಕರ ನಡೆ ಎಂದು ಮೇಷ್ಟರು ಹಂಚಿದರು. ಎರಡೂ ಹನ್ನೆರಡರಲ್ಲಿ ಮುಗಿದು, ಮುಂದಿನ ಪೆಟ್ಟಿನಲ್ಲಿ ಮತ್ತೆ ಒಂದಾಗಿ ಏಳುತ್ತವೆಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು.

ತಮಟೆಗಳನ್ನು ಮುದುಕರು ತಾವೇ ಎದ್ದು ಹಂಚಿದರು. ಮೊದಲನೆಯದು ಒಬ್ಬ ಹಳೆಯ ವಿದ್ಯಾರ್ಥಿನಿಗೆ, ಎರಡನೆಯದು ಅಡಿಕೆ ವ್ಯಾಪಾರಿಗಳಾದ ಒಬ್ಬ ದಾನಿಗಳಿಗೆ. ಆ ಹಿರಿಯರ ಕೈ ಒಂದು ಕ್ಷಣ ತಡೆಯಿತು. ಮೈದಾನವೆಲ್ಲ ಆ ಕೈಯನ್ನೇ ನೋಡಿತು. ಆಮೇಲೆ ಅವರು ಎರಡೂ ಕೈ ಚಾಚಿ ತೆಗೆದುಕೊಂಡರು. ಹಿಂದಿನ ಸಾಲಿನಲ್ಲಿ ಇಬ್ಬರು ಹಿರಿಯರು ಕೈಕಟ್ಟಿ ಕುಳಿತೇ ಇದ್ದರು. ಅವರನ್ನು ಯಾರೂ ಒತ್ತಾಯಿಸಲಿಲ್ಲ.

ಮೊದಲ ಪೆಟ್ಟುಗಳು ಚೆಲ್ಲಾಪಿಲ್ಲಿಯಾದವು, ಮಕ್ಕಳು ನಕ್ಕರು. ಮುದುಕರು ನಗಲಿಲ್ಲ, ಗದರಲಿಲ್ಲ. ತಮ್ಮ ತಮಟೆಯ ಮೇಲೆ ಅದೇ ಸರಳ ವರಸೆಯನ್ನು ಬಿಡದೆ ನುಡಿಸುತ್ತಿದ್ದರು. ಕ್ರಮೇಣ ಮೂರು ಮೂರಕ್ಕೆ ಸೇರಿತು, ನಾಲ್ಕು ನಾಲ್ಕಕ್ಕೆ ಸೇರಿತು. ಹನ್ನೆರಡು ಮುಗಿದು ಮತ್ತೆ ಒಂದು ಬರುವ ಎಡೆಯಲ್ಲಿ ಇಡೀ ಮೈದಾನ ಒಂದೇ ಪೆಟ್ಟಾಗಿ ಕೇಳಿಸಿತು. ಮಕ್ಕಳಿಗೆ ಆ ಎಡೆ ಸಿಕ್ಕಿದೊಡನೆ ಅವರು ಅದಕ್ಕಾಗಿ ಕಾಯತೊಡಗಿದರು; ಪ್ರತಿ ಸಲವೂ ಅಲ್ಲಿಗೆ ಬಂದಾಗ ಕೂಗಿದರು. ಮೊಮ್ಮಗ ತನ್ನ ತರಗತಿಯವರ ನಡುವೆ ಕುಳಿತಿದ್ದ. ಅವನ ಕೈಯಲ್ಲಿ ತಮಟೆಯಿರಲಿಲ್ಲ. ಎಲ್ಲರಂತೆ ಒಂದು ಕತ್ತಿಕಾಯಿ. ಅವನು ಅದನ್ನು ಅಲುಗಿಸುತ್ತಿದ್ದ. ತಾತ ಅವನ ಕಡೆ ನೋಡಲಿಲ್ಲ, ಅವನೂ ತಾತನ ಕಡೆ ನೋಡಲಿಲ್ಲ. ಆದರೂ ಇಬ್ಬರೂ ಅದೇ ತಾ��ದಲ್ಲಿದ್ದರು.

ಆರನೆಯ ತಮಟೆ ಮೇಷ್ಟರ ಕೈಯಲ್ಲಿತ್ತು. ಅರವತ್ತನಾಲ್ಕು ವರ್ಷಗಳ ಹಿಂದೆ ಅರ್ಧಕ್ಕೆ ನಿಂತಿದ್ದ ಐದನೆಯ ಪೆಟ್ಟನ್ನು ಅವರು ಅಂದು ಹೊಡೆದರು. ಹೊಡೆದದ್ದು ಮಾತ್ರ ಸರಿಯಾಗಿರಲಿಲ್ಲ. ಮುದುಕರು ಪಕ್ಕಕ್ಕೆ ಬಂದು, ಅವರ ಮಣಿಕಟ್ಟು ಹಿಡಿದು ಸರಿಪಡಿಸಿ, ‘ಬಲಗೈ ತಡ ಆಗ್ತೈತೆ ಮೇಷ್ಟ್ರೆ. ಎಣಿಸ್ತಾ ಕೂತ್ರೆ ಹಂಗೇ ಆಗೋದು. ಪಕ್ಕದವರದು ಕೇಳ್ಕೊಳ್ಳಿ’ ಎಂದರು. ಮೇಷ್ಟರು ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು.

ಕಾರ್ಯಕ್ರಮ ಮುಗಿದ ಮೇಲೆ ಕಚೇರಿಯಲ್ಲಿ ಗೌರವಧನದ ರಸೀದಿಗೆ ಮುದುಕರು ರುಜು ಹಾಕಿದರು. ಅಕ್ಷರ ಕಲಿತದ್ದು ಸಾಕ್ಷರತೆಯ ಕಾಲದಲ್ಲಿ. ಕೈ ನಿಧಾನ, ಆದರೆ ಅಕ್ಷರ ದುಂಡು. ಒಂದು ಕಾಲದಲ್ಲಿ ತಮಟೆ ಕೊಟ್ಟದ್ದಕ್ಕಾಗಿ ದಂಡ ತೆತ್ತ ಮನೆತನಕ್ಕೆ ತಮಟೆ ಕಲಿಸಿದ್ದಕ್ಕಾಗಿ ಸಂದ ಹಣ ಅದು. ಮೊತ್ತ ದೊಡ್ಡದಲ್ಲ. ಅದರಿಂದ ಹಳೆಯ ಲೆಕ್ಕ ತೀರಿತೆಂದು ಮೇಷ್ಟರು ಭಾವಿಸಿಕೊಳ್ಳಲಿಲ್ಲ. ತೀರದ ಲೆಕ್ಕವನ್ನು ತೀರಿತೆಂದು ಬರೆಯುವವರು ಅವರಲ್ಲ.

ಅಂದಿನಿಂದ ಶನಿವಾರದ ಮಧ್ಯಾಹ್ನ ಮುದುಕರು ಶಾಲೆಗೆ ಬರುತ್ತಾರೆ. ಕಲಿಯುವ ಮಕ್ಕಳು ಎಲ್ಲ ಕೇರಿಗಳವರು, ಹೆಣ್ಣುಮಕ್ಕಳೂ ಉಂಟು. ಮೊಮ್ಮಗ ಈವರೆಗೂ ತಮಟೆಯನ್ನು ಕೈಯಲ್ಲಿ ಹಿಡಿದಿಲ್ಲ. ತಾತನೊಡನೆ ಶಾಲೆಯವರೆಗೆ ಬರುತ್ತಾನೆ. ಅವರು ಮಕ್ಕಳಿಗೆ ತಾಳ ಹೇಳಿಕೊಡುವಷ್ಟು ಹೊತ್ತು ಪಕ್ಕದ ಕೊಠಡಿಯಲ್ಲಿ ಮೇಷ್ಟರ ಬಳಿ ಲೆಕ್ಕ ಹೇಳಿಸಿಕೊಳ್ಳುತ್ತಾನೆ. ಬೀಜಗಣಿತದ ಮಧ್ಯೆ ಆಚೆಯಿಂದ ಪೆಟ್ಟು ತಪ್ಪಿದ್ದು ಕೇಳಿಸಿದರೆ ಹುಡುಗನ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಮೇಷ್ಟರು ಅದನ್ನು ಗಮನಿಸುತ್ತಾರೆ. ಏನನ್ನೂ ಹೇಳುವುದಿಲ್ಲ.